ಕ್ರೇನು, ಡೆರಿಕ್ಕು ಮತ್ತು ನಮ್ಮ ಏತ

ಬೆಂಗಳೂರಲ್ಲಿ ತಲೆ ಎತ್ತಿದರೆ ಎಲ್ಲಾದರೂ ಒಂದು ಕ್ರೇನು ಕಾಣುತ್ತದೆ. ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಕೇಳಿದರೆ ನಾವೆಲ್ಲ ಸ್ವಲ್ಪ ತಡವರಿಸಿ ‘ಕ್ರೇನು’ ಅಂತಲೇ ಅಂತೀವಿ. ತಪ್ಪೇನಿಲ್ಲ ಬಿಡಿ. ಆದರೆ ಭಾರ ಎತ್ತುವ ಯಂತ್ರಗಳಿಗೆ ಹೆಸರು ಬಂದ ಬಗೆ ಮಾತ್ರ ಮಜವಾಗಿದೆ.

ಕ್ರೇನ್ ಅಂದರೆ ಹಕ್ಕಿ, ಕ್ರೌಂಚ. ನೋಡೋಕೆ ನಮ್ಮ ಕೊಕ್ಕರೆ ಥರ. ಗ್ರೀಕರು ಈ ಹಕ್ಕಿಗೆ ‘ಗೆರಾನೊಸ್’ ಅಂತಿದ್ದರು, ಕಲ್ಲು ಎತ್ತುವ ಯಂತ್ರಕ್ಕೂ ಅದೇ ಹೆಸರು. ಉದ್ದ ಕತ್ತು ಚಾಚಿ ಕೆಳಗಿರುವುದನ್ನು ಹೆಕ್ಕುತ್ತದಲ್ಲ, ಅದಕ್ಕೆ! ರೋಮಿನ ವಿಟ್ರೂವಿಯಸ್ ಮಾತ್ರ ಪಕ್ಕಾ ಇಂಜಿನಿಯರ್ ಆಸಾಮಿ. ಕ್ರಿ.ಪೂ. 1ನೇ ಶತಮಾನದ ಆತನ ಪುಸ್ತಕದಲ್ಲಿ ರಾಟೆ ಎಣಿಸಿ ಹೆಸರು: ಮೂರಿದ್ದರೆ ಟ್ರಿಸ್ಪಾಸ್ಟೋಸ್, ಐದಿದ್ದರೆ ಪೆಂಟಾಸ್ಪಾಸ್ಟೋಸ್.

ಡೆರಿಕ್ ಕಥೆ ಇನ್ನೂ ವಿಚಿತ್ರ. 1600ರ ಆಸುಪಾಸಿನಲ್ಲಿ ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲಿಗೇರಿಸುವ ಕೆಲಸದಲ್ಲಿದ್ದವನ ಹೆಸರು ಡೆರಿಕ್. ಅವನ ಹೆಸರು ಮೊದಲು ಗಲ್ಲುಗಂಬಕ್ಕೆ ಅಂಟಿಕೊಂಡಿತು. ಕಂಬ, ಹಗ್ಗ, ತೂಗಾಡುವ ಭಾರ - ಹಡಗಿನಲ್ಲಿ ಸರಕು ಎತ್ತುವ ಸಾಧನವೂ ಹಾಗೇ ಕಂಡಿರಬೇಕು, ಅದೂ ಡೆರಿಕ್ ಆಯಿತು. ಇವತ್ತು ಎಣ್ಣೆ ಬಾವಿಯ ಮೇಲಿನ ಗೋಪುರಕ್ಕೂ ಅದೇ ಹೆಸರು.

ಈಗ ನಮ್ಮ ಕಡೆಗೆ ಬನ್ನಿ. ಬಾವಿಯ ಪಕ್ಕ ಒಂದು ಕಂಬ, ಅದರ ಮೇಲೆ ಆಡುವ ಉದ್ದನೆಯ ಮರ, ಒಂದು ತುದಿಗೆ ನೀರೆತ್ತುವ ಪಾತ್ರೆ. ಮರದ ಮೇಲೆ ಆಳು ಆ ಕಡೆ ಈ ಕಡೆ ನಡೆದರೆ ಪಾತ್ರೆ ಇಳಿದು ಏರುತ್ತದೆ. ಇದೇ ಏತ. ಕೆಲವು ಕಡೆ ಯಾತ. ಇದನ್ನು ಕಂಡ ಯುರೋಪಿನವರು ‘ಪಿಕೋಟ’ ಅಂದರು. ಅದು ಪೋರ್ಚುಗೀಸ್ ಮಾತು, ಹಡಗಿನ ಪಂಪಿನ ಹಿಡಿಗೆ ಹೇಳುತ್ತಿದ್ದದ್ದು. ಅಪರಾಧಿಯನ್ನು ಊರ ಮುಂದೆ ಕಟ್ಟಿ ನಿಲ್ಲಿಸುವ ಕಂಬಕ್ಕೂ ಪಿಕೋಟ ಅಂತಲೇ ಹೆಸರು. ಡೆರಿಕ್ ನೆನಪಾಯಿತಾ? :)

ಅವರು ಕಂಡದ್ದು ಆಕಾರ. ನಮ್ಮವರು ಹೆಸರಿಟ್ಟದ್ದು ಕೆಲಸಕ್ಕೆ. ಏತ ಅನ್ನುವುದು ‘ಏರು’ ಅನ್ನುವುದರ ಬಳಗದ ಮಾತು, ತಮಿಳಿನ ‘ಏಟ್ರಂ’ ಅದರ ದಾಯಾದಿ. ಮರದ ಏತ ಹೆಚ್ಚುಕಡಿಮೆ ಮಾಯವಾದರೂ ಹೆಸರು ಉಳಿದದ್ದು ಇದರಿಂದಲೇ ಅಂತ ನನ್ನ ಅನಿಸಿಕೆ. ತುಂಗಭದ್ರೆಯ ಸಿಂಗಟಾಲೂರು ಏತ ನೀರಾವರಿ ಯೋಜನೆಯಲ್ಲಿ ನೀರೆತ್ತುವುದು ಮೋಟಾರು ಪಂಪು. ಆದರೂ ಅದು ಏತವೇ, ಯಾಕೆಂದರೆ ನೀರು ಮೇಲಕ್ಕೆ ಏರುತ್ತಿದೆ.

ಕಪಿಲೆಗೆ ಆ ಅದೃಷ್ಟ ಇರಲಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ, ರಾಟೆಯ ಮೇಲಿಂದ ಹಗ್ಗ ಸರಿದು, ಬಾವಿಯಿಂದ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುವ ವ್ಯವಸ್ಥೆ ಅದು. ಪಂಪ್‌ಸೆಟ್ ಬಂತು, ಕಪಿಲೆ ಹೋಯಿತು, ಜೊತೆಗೆ ಅದರ ಒಂದೊಂದು ಭಾಗದ ಹೆಸರೂ ಹೋಗುತ್ತಿದೆ. ಚರ್ಮದ ಹಗ್ಗಕ್ಕೆ ‘ಮಿಣಿ’ ಅಂತಾರೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನಿಘಂಟಿನಲ್ಲಿ ಮಾತು ಸಿಗಬಹುದು. ಆದರೆ ಅದನ್ನು ಯಾವಾಗ ಬಿಗಿ ಮಾಡಬೇಕು, ಯಾವಾಗ ಸಡಿಲ ಬಿಡಬೇಕು ಅಂತ ಗೊತ್ತಿರುವುದು ಕಪಿಲೆ ಹೊಡೆದ ಕೈಗೆ ಮಾತ್ರ.

ಕ್ರೇನಿಗೆ ಹೊಸ ಕನ್ನಡ ಪದ ಹುಟ್ಟಿಸುವ ಚರ್ಚೆ ಆಮೇಲೆ ಮಾಡೋಣ. ಊರಲ್ಲಿ ಕಪಿಲೆ ಹೊಡೆದ ಅಜ್ಜಂದಿರು ಯಾರಾದರೂ ಇದ್ದರೆ ಮೊದಲು ಅವರನ್ನು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ, ಊರಿನ ಹೆಸರಿನ ಸಮೇತ, ನಿಮ್ಮ ಬ್ಲಾಗಿನಲ್ಲಿ ಬರೆದಿಡಿ.