ಕೇಂದ್ರ, ಸೆಂಟರ್: ಒಂದು ಗ್ರೀಕ್ ಪದದ ಎರಡು ದಾರಿ

2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಬುಕ್ಕಸಾಗರದವರ ಜಿಲ್ಲಾ ಕೇಂದ್ರ ಬಳ್ಳಾರಿಯಿಂದ ಹೊಸಪೇಟೆಗೆ ಬದಲಾಯಿತು. ಕಡತಗಳಲ್ಲಿ ಸಂಸ್ಕೃತದಂತೆ ಕಾಣುವ ಈ ‘ಕೇಂದ್ರ’ ಹುಟ್ಟಿನಿಂದ ಗ್ರೀಕ್.

ಮೂಲ

ಗ್ರೀಕಿನ ‘ಕೆಂತ್ರೋನ್’ ಎಂದರೆ ಚುಚ್ಚುವ ಮೊನೆ. ಎತ್ತನ್ನು ತಿವಿಯುವ ಮುಳ್ಳುಗೋಲು, ಜೇನಿನ ಕೊಂಡಿ ಎಲ್ಲವೂ ಕೆಂತ್ರೋನ್. ಕೈವಾರದ ಮೊನೆ ಊರುವ ಜಾಗಕ್ಕೂ ಆ ಹೆಸರು ಹತ್ತಿತು. ಯೂಕ್ಲಿಡ್ ವೃತ್ತದ ನಡುಬಿಂದುವನ್ನು ಕರೆದದ್ದು ಹಾಗೆಯೇ.

ಪಶ್ಚಿಮಕ್ಕೆ, ಪೂರ್ವಕ್ಕೆ

ಲ್ಯಾಟಿನ್ ಇದನ್ನು ‘ಕೆಂತ್ರುಮ್’ ಮಾಡಿಕೊಂಡಿತು. ಗ್ರೀಕಿನ ‘ಓನ್’ ಕೊನೆ ಲ್ಯಾಟಿನ್ನಿನ ನಪುಂಸಕ ‘ಉಮ್’ ಆಯಿತು. ಷಷ್ಠಿಯಲ್ಲಿ ‘ಕೆಂತ್ರೀ’, ಬಹುವಚನದಲ್ಲಿ ‘ಕೆಂತ್ರ’. ನಪುಂಸಕವಾದ್ದರಿಂದ ಪ್ರಥಮಾ, ದ್ವಿತೀಯಾ ರೂಪಗಳು ಒಂದೇ. ಸಂಸ್ಕೃತದ ‘ಫಲಂ’ ನಡೆಯೂ ಹೀಗೇ ತಾನೆ? ಫ್ರೆಂಚಿನಲ್ಲಿ ಮೊದಲಕ್ಷರ ಸಕಾರವಾಗಿ, ಇಂಗ್ಲಿಷಿನ ಮೂಲಕ ‘ಸೆಂಟರ್’ ನಮಗೆ ತಲುಪಿತು.

ಪೂರ್ವಕ್ಕೆ ಅದನ್ನು ತಂದದ್ದು ಜ್ಯೋತಿಷ. ‘ಹೋರಾ’ ಎಂಬ ಇನ್ನೊಂದು ಗ್ರೀಕ್ ಪದದ ಜೊತೆಗೇ ‘ಕೇಂದ್ರ’ ಸಂಸ್ಕೃತಕ್ಕೆ ಬಂತು; 6ನೆಯ ಶತಮಾನದ ವರಾಹಮಿಹಿರನಿಗೆ ಎರಡೂ ಪರಿಚಿತ. ಜಾತಕದ 1, 4, 7, 10ನೆಯ ಮನೆಗಳು ಇಂದಿಗೂ ಕೇಂದ್ರಸ್ಥಾನಗಳೇ. ಸಂಸ್ಕೃತದಲ್ಲಿ ಹ್ರಸ್ವ ‘ಎ’ ಇಲ್ಲ, ಹಾಗಾಗಿ ‘ಕೆಂ’ ಹೋಗಿ ‘ಕೇಂ’ ಆಯಿತು. ಕನ್ನಡಕ್ಕೆ ಹ್ರಸ್ವ ಎಕಾರ ಉಂಟು, ಆದರೂ ನಾವು ಸಂಸ್ಕೃತದ ದೀರ್ಘವನ್ನೇ ಉಳಿಸಿಕೊಂಡೆವು.

ಕನ್ನಡದ ವಿಭಕ್ತಿ

ಇಬ್ಬರು ಒಡಹುಟ್ಟಿದವರೂ ಕನ್ನಡಕ್ಕೆ ಬಂದು ಬೇರೆ ಬೇರೆ ಪಂಕ್ತಿಯಲ್ಲಿ ಕೂತರು. ಅಕಾರದಲ್ಲಿ ಮುಗಿಯುವ ನಪುಂಸಕ ಪದಕ್ಕೆ ಚತುರ್ಥಿಯಲ್ಲಿ ‘ಕ್ಕೆ’, ಸಪ್ತಮಿಯಲ್ಲಿ ನಡುವೆ ದಕಾರ: ಬುಕ್ಕಸಾಗರಕ್ಕೆ, ಬುಕ್ಕಸಾಗರದಲ್ಲಿ; ಕೇಂದ್ರಕ್ಕೆ, ಕೇಂದ್ರದಲ್ಲಿ. ‘ಸೆಂಟರ್’ ಮಾತ್ರ ಸಂಡೂರಿನ ಜೊತೆ: ಸಂಡೂರಿಗೆ, ಸಂಡೂರಿನಲ್ಲಿ, ಸೆಂಟರಿಗೆ, ಸೆಂಟರಿನಲ್ಲಿ. ವ್ಯಂಜನದಲ್ಲಿ ನಿಲ್ಲುವ ಎರವಲು ಪದಗಳನ್ನು ಕನ್ನಡ ಉಕಾರಾಂತದಂತೆ ನಡೆಸುವ ಪರಿ ಇದು.

ಸಮಾಸದಲ್ಲಿ

ಬಳಕೆಯಲ್ಲಿ ಇವು ಸರಿಸಮವಲ್ಲ. ‘ಕೇಂದ್ರ’ದಿಂದ ಕೇಂದ್ರೀಯ, ಕೇಂದ್ರೀಕರಣ, ವಿಕೇಂದ್ರೀಕರಣ ಎಲ್ಲ ಹುಟ್ಟಿದವು. ‘ಸೆಂಟರ್’ ಕೋಚಿಂಗ್ ಸೆಂಟರ್, ಜೆರಾಕ್ಸ್ ಸೆಂಟರ್ ಎಂದು ಪಕ್ಕದಲ್ಲಿ ನಿಲ್ಲುತ್ತದೆ ಅಷ್ಟೆ. ಇನ್ನು ‘ಜಿಲ್ಲಾ’ ಅರಬ್ಬಿಯದು. ಬಿಡಿಯಾಗಿ ಅದು ‘ಜಿಲ್ಲೆ’. ಸಮಾಸದಲ್ಲಿ ಮಾತ್ರ ‘ವಿದ್ಯಾ’, ‘ಭಾಷಾ’ಗಳಂತೆ ಆಕಾರ ಉಳಿಸಿಕೊಂಡಿದೆ. ಹೊಸಪೇಟೆಯ ಫಲಕಗಳಲ್ಲಿರುವ ‘ಜಿಲ್ಲಾ ಕೇಂದ್ರ’ ಹೀಗೆ ಅರ್ಧ ಅರಬ್ಬಿ, ಅರ್ಧ ಗ್ರೀಕ್.