ಪರ್ತ್‌ನ ರೋಗಾಣು, ಮೈಸೂರಿನ ಪ್ರಶ್ನೆ: ಜಠರದ ಸೋಂಕು ಮತ್ತು ಕ್ಯಾನ್ಸರಿನ ಸಂಶೋಧನಾ ಚರಿತ್ರೆ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಿದರೆ ಮಾತು ಮುಗಿಯಿತು. ಈ ಸಾಧಾರಣ ತೊಂದರೆಯ ಹಿಂದೆ ಹಲವು ಬಾರಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸೋಂಕು ತಗುಲಿದ ಕೆಲವರಲ್ಲಿ ಅದು ದಶಕಗಳ ನಂತರ ಜಠರದ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಈ ಅರಿವಿನ ಚರಿತ್ರೆಯನ್ನು ಆಸ್ಟ್ರೇಲಿಯಾದ ಪರ್ತ್ ನಗರದಿಂದ ಆರಂಭಿಸುವುದು ವಾಡಿಕೆ. ಆದರೆ ಮೈಸೂರು ಸೀಮೆಗೂ ಅದರಲ್ಲಿ ಪಾಲಿದೆ. ಪರ್ತ್ ರೋಗಾಣುವನ್ನು ಪತ್ತೆ ಮಾಡಿತು. ಅದಕ್ಕೂ ಮೊದಲೇ ಮೈಸೂರು ಊಟ ಮತ್ತು ನೆಲದ ಪ್ರಶ್ನೆಯನ್ನು ಎತ್ತಿತ್ತು. ಎರಡನ್ನೂ ಕೂಡಿಸಿ ಓದದೆ ನಮ್ಮ ಭಾಗದ ಜಠರರೋಗ ಅರ್ಥವಾಗುವುದಿಲ್ಲ ಎಂಬುದು ಈ ಲೇಖನದ ವಾದ.

ರೋಗಾಣುವಿಗೆ ಮುನ್ನ

ಉಂಡ ಅನ್ನ ಅರಗುವ ಹೊತ್ತಿಗೆ ಕೆರಳುವ ನೋವನ್ನು ಆಯುರ್ವೇದ ಗ್ರಂಥ ‘ಮಾಧವ ನಿದಾನ’ ಪರಿಣಾಮಶೂಲ ಎಂದು ಗುರುತಿಸಿದೆ. ಇಂದಿನ ವೈದ್ಯರು ಡ್ಯುಯೋಡಿನಮ್ ಹುಣ್ಣು ಎನ್ನುವ, ಸಣ್ಣ ಕರುಳಿನ ಮೊದಲ ಭಾಗದ ಹುಣ್ಣಿನ ಲಕ್ಷಣಗಳಿಗೆ ಇದು ಬಹಳ ಹತ್ತಿರ. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಕಟ್ಟಿದ ಕಾಲಕ್ಕೂ ಹೊಟ್ಟೆಯ ಕಾಯಿಲೆಯನ್ನು ಆಹಾರ, ಪಥ್ಯ, ಪಿತ್ತಗಳ ನೆಲೆಯಲ್ಲೇ ನೋಡಲಾಗುತ್ತಿತ್ತು. ಪಾಶ್ಚಾತ್ಯ ವೈದ್ಯಕೀಯವೂ ಆಮ್ಲ ಮತ್ತು ಮನಸ್ಸಿನ ಒತ್ತಡಗಳನ್ನು ಬಿಟ್ಟು ಮುಂದೆ ಹೋಗಿರಲಿಲ್ಲ.

1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, ಶಸ್ತ್ರವೈದ್ಯರಾಗಿದ್ದವರು ಫ್ರ್ಯಾಂಕ್ ಟೋವಿ. ಡ್ಯುಯೋಡಿನಮ್ ಹುಣ್ಣು ಕೆಲವು ಸೀಮೆಗಳಲ್ಲಿ ಹೆಚ್ಚು, ಕೆಲವು ಕಡೆ ಕಡಿಮೆ ಏಕೆ ಎಂಬ ಪ್ರಶ್ನೆ ಅವರನ್ನು ಜೀವನವಿಡೀ ಬಿಡಲಿಲ್ಲ. 1979ರಲ್ಲಿ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಹರಡುವಿಕೆಯನ್ನು ವಿವರಿಸಿದರು. ಅನ್ನವೇ ಮುಖ್ಯ ಆಹಾರವಾದ ದಕ್ಷಿಣದಲ್ಲಿ ಹುಣ್ಣು ಹೆಚ್ಚು, ಗೋಧಿ ಉಣ್ಣುವ ಉತ್ತರದಲ್ಲಿ ಕಡಿಮೆ. ಮುಂದೆ ಅವರ ತಂಡ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಹುರುಳಿಯ ಕೊಬ್ಬಿನಂಶಕ್ಕೆ ಹುಣ್ಣು ತಡೆಯುವ ಗುಣ ಕಂಡಿತು. ಒಂದು ಕಡೆ ನಾಲೆ ನೀರಿನ ಭತ್ತ, ಇನ್ನೊಂದು ಕಡೆ ಮಳೆಯಾಶ್ರಯದ ರಾಗಿ, ಹುರುಳಿ ಬೆಳೆಯುವ ಕಪಿಲಾ-ಕಾವೇರಿ ಬಯಲಿನ ಜನಕ್ಕೆ ಈ ಪ್ರಶ್ನೆ ಹೊರಗಿನದಲ್ಲ.

ಪರ್ತ್‌ನ ಶೋಧ

1979ರಲ್ಲಿ ಪರ್ತ್‌ನ ರೋಗನಿದಾನ ತಜ್ಞ ರಾಬಿನ್ ವಾರೆನ್ ಜಠರದ ಬಯಾಪ್ಸಿ ಚೂರುಗಳಲ್ಲಿ ಬಾಗಿದ ಬ್ಯಾಕ್ಟೀರಿಯಾ ಕಂಡರು. ಆಮ್ಲ ತುಂಬಿದ ಜಠರದಲ್ಲಿ ಜೀವಿ ಬದುಕದು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು. ಯುವ ವೈದ್ಯ ಬ್ಯಾರಿ ಮಾರ್ಷಲ್ ಅವರ ಜೊತೆಗೂಡಿದರು. 1982ರ ಈಸ್ಟರ್ ರಜೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದದ್ದರಿಂದ ನಿಧಾನವಾಗಿ ಬೆಳೆಯುವ ಈ ಜೀವಿ ಮೊದಲ ಬಾರಿಗೆ ಕೈಗೆ ಸಿಕ್ಕಿತು. 1984ರಲ್ಲಿ ಮಾರ್ಷಲ್ ತಾವೇ ಈ ಬ್ಯಾಕ್ಟೀರಿಯಾ ಕುಡಿದು ಜಠರದ ಉರಿಯೂತ ತಂದುಕೊಂಡು ಸಾಕ್ಷ್ಯ ಒದಗಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಜೀವಿಯ ಬದುಕುವ ಉಪಾಯವನ್ನು ಎಂಡೋಸ್ಕೋಪಿ ಕೋಣೆಯಲ್ಲೇ ಕಣ್ಣಾರೆ ಕಾಣಬಹುದು. ಜಠರದ ಒಳಪೊರೆಯಿಂದ ತೆಗೆದ ಅಕ್ಕಿಕಾಳಿಗಿಂತ ಚಿಕ್ಕ ಚೂರನ್ನು ಯೂರಿಯಾ ಬೆರೆಸಿದ ಹಳದಿ ಜೆಲ್ಲಿನಲ್ಲಿ ಇಡುತ್ತಾರೆ. ಸೋಂಕಿದ್ದರೆ ಚೂರಿನ ಸುತ್ತ ಮೊದಲು ನಸುಗೆಂಪು ಮೂಡಿ, ಕ್ರಮೇಣ ಜೆಲ್ ಪೂರ್ತಿ ಗುಲಾಬಿಯಾಗುತ್ತದೆ. ಬ್ಯಾಕ್ಟೀರಿಯಾದ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವುದರಿಂದ ಈ ಬಣ್ಣ ಬರುತ್ತದೆ. ಜಠರದೊಳಗೆ ಅದೇ ಅಮೋನಿಯಾ ಸುತ್ತಲಿನ ಆಮ್ಲವನ್ನು ತಣಿಸಿ ಬ್ಯಾಕ್ಟೀರಿಯಾವನ್ನು ಕಾಯುತ್ತದೆ.

ಉರಿಯೂತದಿಂದ ಕ್ಯಾನ್ಸರಿಗೆ

ಕೊಲಂಬಿಯಾ ಮೂಲದ ವಿಜ್ಞಾನಿ ಪೆಲಾಯೊ ಕೊರೆಯ 1975ರಲ್ಲೇ, ಅಂದರೆ ಈ ಬ್ಯಾಕ್ಟೀರಿಯಾ ಬೆಳಕಿಗೆ ಬರುವ ಮೊದಲೇ, ಜಠರ ಕ್ಯಾನ್ಸರ್ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ ಎಂದು ಪ್ರತಿಪಾದಿಸಿದ್ದರು. ದೀರ್ಘಕಾಲದ ಉರಿಯೂತದಿಂದ ಒಳಪೊರೆಯ ಗ್ರಂಥಿಗಳು ಸವೆಯುತ್ತವೆ. ಆ ಜಾಗದಲ್ಲಿ ಕರುಳಿನಂಥ ಜೀವಕೋಶಗಳು ಬೆಳೆಯುತ್ತವೆ, ಅವುಗಳ ರೂಪ ಕೆಡುತ್ತದೆ, ಕೊನೆಗೆ ಕ್ಯಾನ್ಸರ್. ಮೊದಲ ಮೆಟ್ಟಿಲಿನಲ್ಲಿ ಎಚ್. ಪೈಲೋರಿ ನಿಂತಿದೆ ಎಂಬುದು ಅನಂತರ ಖಚಿತವಾಯಿತು. ಅದರ ಕೆಲವು ತಳಿಗಳು ಸಿರಿಂಜಿನಂಥ ರಚನೆಯಿಂದ ಕ್ಯಾಗ್-ಎ ಎಂಬ ಪ್ರೋಟೀನನ್ನು ಜೀವಕೋಶದೊಳಕ್ಕೆ ಚುಚ್ಚಿ, ಕೋಶದ ಬೆಳವಣಿಗೆಯ ಹತೋಟಿ ತಪ್ಪಿಸುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಇದನ್ನು ಮೊದಲ ವರ್ಗದ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. 2001ರಲ್ಲಿ ಜಪಾನಿನ ಉಯೆಮುರ ತಂಡ 1,526 ರೋಗಿಗಳನ್ನು ಸರಾಸರಿ 7.8 ವರ್ಷ ಗಮನಿಸಿದ ಫಲಿತಾಂಶ ಪ್ರಕಟಿಸಿತು. ಸೋಂಕಿದ್ದ 1,246 ಮಂದಿಯಲ್ಲಿ 36 ಜನರಿಗೆ ಕ್ಯಾನ್ಸರ್ ಬಂದಿತ್ತು. ಸೋಂಕಿಲ್ಲದ 280 ಮಂದಿಯಲ್ಲಿ ಒಬ್ಬರಿಗೂ ಇಲ್ಲ. ಇನ್ನೊಂದು ಅಂಶ ನಮಗೆ ಮುಖ್ಯ: ಡ್ಯುಯೋಡಿನಮ್ ಹುಣ್ಣಿದ್ದವರಲ್ಲಿ ಯಾರಿಗೂ ಕ್ಯಾನ್ಸರ್ ಬರಲಿಲ್ಲ. ಉರಿಯೂತ ಜಠರದ ಕೆಳತುದಿಯಲ್ಲಿ ನೆಲೆಸಿದರೆ ಆಮ್ಲ ಹೆಚ್ಚಿ ಡ್ಯುಯೋಡಿನಮ್ ಹುಣ್ಣಾಗುತ್ತದೆ. ಅದು ಜಠರದ ನಡುಭಾಗಕ್ಕೆ ಹರಡಿ ಆಮ್ಲ ತಗ್ಗಿದರೆ ಕ್ಯಾನ್ಸರಿನ ಅಪಾಯ ಏರುತ್ತದೆ.

ಭಾರತದ ಒಗಟು

ಭಾರತದಲ್ಲಿ ಈ ಸೋಂಕು ಬಾಲ್ಯದಲ್ಲೇ ತಗುಲುತ್ತದೆ. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿದೆ. ಆದರೂ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ಜಠರ ಕ್ಯಾನ್ಸರ್ ಇಲ್ಲಿ ಕಡಿಮೆ. ಸಂಶೋಧಕರು ಇದನ್ನು ಒಗಟೆಂದೇ ಕರೆದಿದ್ದಾರೆ. ದೇಶದೊಳಗೂ ಅಂತರಗಳಿವೆ. ಮಿಜೋರಾಂನಲ್ಲಿ ಪ್ರಮಾಣ ಅತಿ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿಯಲ್ಲಿ ಜಠರ ಕ್ಯಾನ್ಸರ್ ಪುರುಷರ ಪ್ರಮುಖ ಕ್ಯಾನ್ಸರುಗಳ ಸಾಲಿನಲ್ಲಿದೆ. 2000ದಲ್ಲಿ ಪ್ರಕಟವಾದ ತಿರುವನಂತಪುರದ ಅಧ್ಯಯನ ಹೆಚ್ಚು ಅನ್ನ, ಹೆಚ್ಚು ಖಾರ, ಅತಿ ಬಿಸಿ ಊಟಗಳಿಗೂ ಈ ಕ್ಯಾನ್ಸರಿಗೂ ನಂಟು ಕಂಡಿತು. ತಳಿ, ವಂಶ, ಉಪ್ಪು, ತಂಬಾಕು, ಊಟ ಇವೆಲ್ಲ ಸೋಂಕಿನ ಜೊತೆ ಸೇರಿಯೇ ಫಲಿತಾಂಶ ನಿರ್ಧರಿಸುತ್ತವೆ. ಟೋವಿ ಮೈಸೂರಿನಲ್ಲಿ ಎತ್ತಿದ ಪ್ರಶ್ನೆಗೆ ಪರ್ತ್‌ನ ಶೋಧದ ನಂತರವೂ ಬೆಲೆ ಉಳಿದಿರುವುದು ಈ ಕಾರಣಕ್ಕೆ.

ಆ ಪ್ರಶ್ನೆಯ ಒಂದು ಎಳೆ ಮೈಸೂರಿನಲ್ಲೇ ಮುಂದುವರಿಯಿತು. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಶೈಲಜಾ ಧರ್ಮೇಶ್ ಮತ್ತು ಸಂಗಡಿಗರು 2007ರಲ್ಲಿ ಮಾವಿನಕಾಯಿ ಶುಂಠಿಯ ಫೀನಾಲಿಕ್ ಅಂಶಗಳು ಎಚ್. ಪೈಲೋರಿಯ ಬೆಳವಣಿಗೆಯನ್ನು ತಡೆಯುತ್ತವೆ ಎಂದು ತೋರಿಸಿದರು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವ ಮಾಗಳಿ ಬೇರಿನಲ್ಲೂ ಹುಣ್ಣು ತಡೆಯುವ ಅಂಶ ಕಂಡರು. ಇವು ಪ್ರಯೋಗಾಲಯದ ಫಲಿತಾಂಶಗಳು. ಆಂಟಿಬಯಾಟಿಕ್ ಚಿಕಿತ್ಸೆಗೆ ಬದಲಿ ಅಲ್ಲ.

ಸಮಾರೋಪ

ಸೋಂಕಿನಿಂದ ಕ್ಯಾನ್ಸರಿನವರೆಗಿನ ಹಾದಿ ದಶಕಗಳದು, ಬಹುಪಾಲು ಜನ ಅದರ ಕೊನೆ ಮುಟ್ಟುವುದೇ ಇಲ್ಲ. ಹಾಗಾಗಿ ಭಯ ಬೇಡ, ಉದಾಸೀನವೂ ಸಲ್ಲದು. ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ಕಾರಣ ತಿಳಿಯದ ರಕ್ತಹೀನತೆ ಇದ್ದವರು ಆಮ್ಲ ತಗ್ಗಿಸುವ ಮಾತ್ರೆಗಳ ಮೇಲೆ ದಿನ ದೂಡದೆ ಎಂಡೋಸ್ಕೋಪಿ ಮಾಡಿಸಬೇಕು. ಒಡಹುಟ್ಟಿದವರಲ್ಲಿ ಅಥವಾ ಹೆತ್ತವರಲ್ಲಿ ಜಠರ ಕ್ಯಾನ್ಸರ್ ಇದ್ದವರು ಸೋಂಕಿನ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಆಮ್ಲ ತಗ್ಗಿಸುವ ಮಾತ್ರೆಗಳು ಸೋಂಕನ್ನು ಪರೀಕ್ಷೆಯಿಂದ ಮರೆಮಾಚಬಲ್ಲವು. ವೈದ್ಯರನ್ನು ಕೇಳಿ ಪರೀಕ್ಷೆಗೆ ಎರಡು ವಾರ ಮೊದಲೇ ಅವನ್ನು ನಿಲ್ಲಿಸಬೇಕು. ಸೋಂಕು ಖಚಿತವಾದರೆ ವೈದ್ಯರು ಬರೆದ ಆಂಟಿಬಯಾಟಿಕ್ ಕೋರ್ಸನ್ನು, ಸಾಮಾನ್ಯವಾಗಿ 14 ದಿನ, ಪೂರ್ತಿ ಮುಗಿಸಬೇಕು. ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ರೋಗಾಣು ಉಳಿಯಬಹುದು.