ತೋಟಾದ ಬಾಯಿ ಮುಚ್ಚಿದ ಚರಿತ್ರೆ

ಸ್ವೀಡನ್ನಿನ ಗುರಿಗಾರರಲ್ಲಿ ಹಾರಿಸಿದ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವವರು ಅನೇಕರಿದ್ದಾರೆ. ಹಿತ್ತಾಳೆಯ ಕೋಶಕ್ಕೆ ಹೊಸ ಕೇಪು, ತೂಗಿದ ಮದ್ದು, ಮೇಲೆ ಗುಂಡು. ಕೊನೆಗೆ ಕೋಶದ ಬಾಯಂಚನ್ನು ಗುಂಡಿನ ಸುತ್ತ ಒತ್ತಿ ಬಿಗಿಗೊಳಿಸುವುದು. ಇದಕ್ಕೆ ಕ್ರಿಂಪ್ ಎನ್ನುತ್ತಾರೆ. ಕೂದಲೆಳೆಯಷ್ಟರ ಈ ಕೆಲಸದ ಹಿಂದೆ ದೊಡ್ಡ ಚರಿತ್ರೆಯಿದೆ.

ತೋಟಾದ ಬಾಯಿ ಎಂದೊಡನೆ ನಮಗೆ ನೆನಪಾಗುವುದು 1857. ಆಗ ತೋಟಾ ಎಂದರೆ ಕಾಗದದ ಕೊಳವೆ. ಅದರ ತುದಿಯನ್ನು ಸಿಪಾಯಿ ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಆ ಕಾಗದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ದಂಗೆಯ ಕಿಡಿಯಾಯಿತು. ಬೆನ್ನಲ್ಲೇ ನಿಶ್ಶಸ್ತ್ರೀಕರಣ ಕಾಯಿದೆ ಬಂತು. ಆಯುಧ ಒಪ್ಪಿಸೆವೆಂದ ಹಲಗಲಿಯ ಬೇಡರು ನವೆಂಬರಿನಲ್ಲಿ ಸಿಡಿದೆದ್ದರು. ಡಿಸೆಂಬರಿನಲ್ಲಿ ಹಲವರು ಗಲ್ಲಿಗೇರಿದರು. ಕೊಡಗಿನವರಿಗಾದರೋ 1861ರಲ್ಲಿ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ದಿನ ಇಂದಿಗೂ ಅಲ್ಲಿ ಕೋವಿಗೆ ಪೂಜೆ.

ಅದೇ 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಲೋಹದ ತೋಟಾ ಹಾರಿಸುವ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದೆ ಬಾಯಿ ಹರಿಯುವ ಮಾತಿಲ್ಲ, ಬಿಗಿಯುವ ಮಾತು. ಒಂದು ಗುಂಡು ಹಾರಿದಾಗ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ಉಳಿದ ತೋಟಾಗಳ ಗುಂಡುಗಳು ಇದ್ದಲ್ಲೇ ಇರಲು ನೋಡುವುದರಿಂದ ಕೋಶದಿಂದ ಮುಂದಕ್ಕೆ ಜಾರುತ್ತವೆ. ಜಾರಿ ಹೊರಚಾಚಿದರೆ ಉರುಳೆ ತಿರುಗದು. ಆದ್ದರಿಂದ ಬಾಯಂಚನ್ನು ಗುಂಡಿನ ಮೇಲಿನ ಗೀರಿನೊಳಕ್ಕೆ ಮಡಿಸುತ್ತಾರೆ. 1935ರ .357 ಮ್ಯಾಗ್ನಮ್‌ನಂಥ ಜೋರಿನ ತೋಟಾಗಳಿಗೆ ಇದು ಬಿಟ್ಟರಾಗದ ಕೆಲಸ.

ಪಿಸ್ತೂಲಿನ ರೀತಿಯೇ ಬೇರೆ. ಸ್ವೀಡಿಷ್ ಸೇನೆಗೆ ಹುಸ್ಕ್‌ವಾರ್ನಾ ಕಾರ್ಖಾನೆ ಮಾಡಿದ 1940ರ ಲಾಹ್ತಿ ಪಿಸ್ತೂಲು 9 ಮಿ.ಮೀ. ಪ್ಯಾರಾಬೆಲಮ್ ತೋಟಾದ್ದು. ಈ ತೋಟಾಕ್ಕೆ ಹೊರಚಾಚಿದ ಬುಡದಂಚಿಲ್ಲ. ನಳಿಗೆಯೊಳಗೆ ಅದು ನಿಲ್ಲುವುದೇ ಬಾಯಂಚಿನ ಆಸರೆಯಲ್ಲಿ. ಬಾಯಿಯನ್ನು ಒಳಕ್ಕೆ ಮಡಿಸಿಬಿಟ್ಟರೆ ಆಸರೆಯೇ ಹೋಯಿತು. ಇಲ್ಲಿ ಸಣ್ಣಗೆ ಇಳಿಜಾರಾಗಿ ಒತ್ತಿದರೆ ಸಾಕು.

ಆಲ್ಫ್ರೆಡ್ ನೊಬೆಲ್ 1887ರಲ್ಲಿ ಹೊಗೆಯಿಲ್ಲದ ಮದ್ದು ಬ್ಯಾಲಿಸ್ಟೈಟಿಗೆ ಪೇಟೆಂಟ್ ಪಡೆದ. ವರ್ಮ್‌ಲಾಂಡಿನ ಓಮೋಟ್‌ಫೋರ್ಸಿನಲ್ಲಿ 1902ರಲ್ಲಿ ನೋರ್ಮಾ ತೋಟಾ ಕಾರ್ಖಾನೆ ಆರಂಭವಾಯಿತು. ಹೊಗೆಯಿಲ್ಲದ ಮದ್ದಿಗೆ ಒತ್ತಡ ಹೆಚ್ಚು, ಸಹನೆ ಕಡಿಮೆ. ಸಡಿಲವಾಗಿ ಕೂತ ಗುಂಡು 9 ಮಿ.ಮೀ. ಕೋಶದೊಳಕ್ಕೆ ತುಸು ಕುಸಿದರೂ ಒತ್ತಡ ಅಪಾಯದ ಮಟ್ಟಕ್ಕೇರಬಹುದು.

ನಮ್ಮ ಕೊಡಗು, ಮಲೆನಾಡಿನ ಕುಟುಂಬಗಳಲ್ಲಿ ಅಜ್ಜಂದಿರು ಕೇಪಿನ ಕೋವಿಗೆ ಕರಿಮದ್ದು ಅಳೆದು ಗಜದಿಂದ ಜಡಿಯುತ್ತಿದ್ದ ನೆನಪು ಇನ್ನೂ ಹಸಿರಾಗಿದೆ. ಆ ಕೈಯಳತೆ ಆ ಕರಿಮದ್ದಿಗೆ ಸೇರಿದ್ದು. ಇಲ್ಲಿ ಕ್ಲಬ್ಬು ಸೇರಿ ಪೊಲೀಸರಿಂದ ಲೈಸೆನ್ಸ್ ಪಡೆಯುವ ನಮ್ಮ ಮಕ್ಕಳು ಅಜ್ಜನ ಧೈರ್ಯವನ್ನು ಉಳಿಸಿಕೊಳ್ಳಲಿ, ಅಂದಾಜನ್ನು ಬಿಡಲಿ. ತೂಕಕ್ಕೆ ತಕ್ಕಡಿ, ಉದ್ದಕ್ಕೆ ಕ್ಯಾಲಿಪರ್, ಉಳಿದುದಕ್ಕೆ ತಯಾರಕರ ಕೈಪಿಡಿ. ಇವೇ ಹಿರಿಯರೆಂದು ನಂಬಿದರೆ ಮನೆಮಂದಿ ನಿಶ್ಚಿಂತೆಯಿಂದ ಇರಬಹುದು.